ಹಿಂದಿನ ಎಕ್ಸಲ್ ಬದಲಿಸುವ ಮುನ್ನ



ಗೋವೆಯ ಗಣಿಗಳು 2012ರಲ್ಲಿ ಒಮ್ಮೆ, 2018ರ ಮಾರ್ಚಿನಲ್ಲಿ ಮತ್ತೊಮ್ಮೆ ನಿಂತಾಗ ಅದಿರು ಹೊರುತ್ತಿದ್ದ ಟಿಪ್ಪರುಗಳೂ ನಿಂತವು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಬ್ಯಾಂಕಿನ ಗುಮಾಸ್ತನಾಗಿ ಅಂಥ ಕಡತಗಳನ್ನು ನಾನು ನೋಡಿದವನು. ಕೆಲವರು ಲಾರಿಯನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರಿದರು.

ನನ್ನ ತಂಗಿಯ ಮಗ ಅಂಥದೊಂದು ಹಿಂದಿನ ಎಕ್ಸಲ್ ತಂದು ತನ್ನ ಲಾರಿಗೆ ಹಾಕಿಸಿದ. ಪಾಟಾ ಕೂತಿತು, ಚಕ್ರ ಕೂತಿತು, ಕೆಲಸ ಮುಗಿಯಿತೆಂದುಕೊಂಡ. ಅನಮೋಡ ಘಟ್ಟ ಇಳಿಯುವಾಗ, ಮಳೆಯಲ್ಲಿ, ಬ್ರೇಕ್ ಒತ್ತಿದೊಡನೆ ಲಾರಿ ಒಂದು ಬದಿಗೆ ಎಳೆಯಿತು. ಪುಣ್ಯಕ್ಕೆ ಗುಡ್ಡದ ಬದಿಗೆ.

ಬಿಚ್ಚಿ ನೋಡಿದರೆ, ಒಂದು ಬದಿಯ ಬ್ರೇಕ್ ಚೇಂಬರ್ ಹೊಸ ಎಕ್ಸಲಿನದು, ಇನ್ನೊಂದು ಹಳೆಯದರಿಂದ ತೆಗೆದು ಹಾಕಿದ್ದು. ಒಂದು 30ರದು, ಇನ್ನೊಂದು 24ರದು. ಈ ಅಂಕೆ ಚೇಂಬರಿನೊಳಗೆ ಗಾಳಿ ಒತ್ತುವ ಜಾಗ ಎಷ್ಟು ಚದರ ಅಂಗುಲ ಎಂಬುದನ್ನು ಹೇಳುತ್ತದೆ. ಚದರ ಅಂಗುಲಕ್ಕೆ 100 ಪೌಂಡ್ ಗಾಳಿ ಬಂದರೆ ಒಂದು ಕಡೆ 3000 ಪೌಂಡ್ ತಳ್ಳು, ಇನ್ನೊಂದು ಕಡೆ 2400. ನಮ್ಮ ಲೆಕ್ಕದ ಪುಸ್ತಕದಲ್ಲಿ ಆರು ಪೈಸೆ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿರಲಿಲ್ಲ. ಇಲ್ಲಿ ಆರುನೂರು ಪೌಂಡಿನ ವ್ಯತ್ಯಾಸ!

ಸ್ಲ್ಯಾಕ್ ಅಡ್ಜಸ್ಟರನ್ನೂ ಅಳೆಯಿರಿ. ಕ್ಯಾಮ್ ಶಾಫ್ಟಿನ ನಡುವಿನಿಂದ ಪಿನ್ ತೂತಿನ ನಡುವಿನವರೆಗೆ ಒಂದು ಬದಿ ಐದೂವರೆ ಅಂಗುಲ, ಇನ್ನೊಂದು ಬದಿ ಆರು ಇದ್ದರೂ ಇದೇ ಗತಿ. ಡ್ರಮ್ಮಿನ ಅಗಲ, ಲೈನಿಂಗಿನ ಜಾತಿ ಎರಡೂ ಬದಿ ಒಂದೇ ಇರಲಿ.

ಎಡಬಲ ಸರಿಯಾದರೆ ಸಾಲದು, ಮುಂದಿನ ಬ್ರೇಕಿಗೂ ಹೊಂದಬೇಕು. ಹಿಂದಿನದು ಹೆಚ್ಚು ಬಿಗಿಯಾದರೆ ಖಾಲಿ ಲಾರಿಯ ಹಿಂಗಾಲಿ ಜಾಮ್ ಆಗಿ ಹಿಂಭಾಗ ಜಾರುತ್ತದೆ. ದುರ್ಬಲವಾದರೆ ಭಾರವೆಲ್ಲ ಮುಂದಿನ ಡ್ರಮ್ಮಿಗೆ. ಘಟ್ಟದಲ್ಲಿ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎಣ್ಣೆ ಬ್ರೇಕಿನ ಹಳೆಯ ಲಾರಿಗೆ ಗಾಳಿ ಬ್ರೇಕಿನ ಎಕ್ಸಲ್ ತರುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಕೈಬ್ರೇಕಿನ ಸ್ಪ್ರಿಂಗ್ ಇರುವ ಜೋಡಿ ಚೇಂಬರಿನ ಹಿಂದಿನ ಪಟ್ಟಿಯನ್ನು ಯಾರೂ ಬಿಚ್ಚಬೇಡಿ. ಒಳಗಿನ ಸ್ಪ್ರಿಂಗ್ ಸಿಡಿದರೆ ಜೀವ ಹೋಗುತ್ತದೆ. ಕೆಟ್ಟಿದ್ದರೆ ಬೋಲ್ಟ್ ಹಾಕಿ ಸ್ಪ್ರಿಂಗ್ ಬಂಧಿಸಿ, ಇಡೀ ಚೇಂಬರನ್ನೇ ಬದಲಿಸಬೇಕು.

ಹುಡುಗ ಮರುದಿನವೇ 30ರ ಚೇಂಬರುಗಳ ಜೊತೆ ತಂದ. ಮೇಸ್ತ್ರಿ ಹಾಕಿದ ಮೇಲೆ, ಮೊದಲು ಊರ ಮೈದಾನದಲ್ಲಿ ಮೆಲ್ಲಗೆ ಓಡಿಸಿ ಬ್ರೇಕ್ ಒತ್ತಿ ನೋಡಿದೆವು. ನಾಲ್ಕು ಸಲ.