ಹಿತ್ತಲಿಗೆ ಬರಲಿ ಹಲವು ಮಕ್ಕಳ ತಾಯಿ
(ಶತಾವರಿ ಕೃಷಿಯನ್ನು ಕುರಿತ ಉಪನ್ಯಾಸದ ಬರಹರೂಪ)



ಶತಾವರಿಗೆ ಕನ್ನಡದಲ್ಲಿ ‘ಹಲವು ಮಕ್ಕಳ ತಾಯಿ ಬೇರು’ ಎಂಬ ಹೆಸರಿದೆ. ಮಜ್ಜಿಗೆ ಗಡ್ಡೆ, ಆಷಾಢಿ ಬೇರು ಎಂದು ಕರೆಯುವುದೂ ಉಂಟು. ಗಿಡದ ಬುಡವನ್ನು ಒಮ್ಮೆ ಅಗೆದು ನೋಡಿದವರಿಗೆ ಮೊದಲ ಹೆಸರಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಒಂದೇ ಬುಡದ ಸುತ್ತ ಹತ್ತಾರು ಬಿಳಿ ಬೇರುಗಳು, ಬೆರಳಿನಷ್ಟು ದಪ್ಪಗೆ, ತಾಯಿಯನ್ನು ಸುತ್ತುವರಿದ ಮಕ್ಕಳಂತೆ ಹರಡಿರುತ್ತವೆ. ಆದರೆ ಈ ಮಕ್ಕಳಿಗಾಗಿಯೇ ಇಂದು ಕಾಡಿನಲ್ಲಿ ತಾಯಿ ಸಾಯುತ್ತಿದ್ದಾಳೆ. ಎಲೆ ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ, ಹಣ್ಣು ಕೊಯ್ದರೆ ಮರ ಉಳಿಯುತ್ತದೆ. ಬೇರನ್ನೇ ಬುಡಸಮೇತ ಕಿತ್ತರೆ ಉಳಿಯುವುದು ಹೊಂಡ ಮಾತ್ರ.

ಸಸ್ಯಶಾಸ್ತ್ರಜ್ಞರು ಇದನ್ನು ಆಸ್ಪರಾಗಸ್ ರೆಸಿಮೋಸಸ್ ಎನ್ನುತ್ತಾರೆ. ನಗರದ ದೊಡ್ಡ ಅಂಗಡಿಗಳಲ್ಲಿ ಎಳೆಯ ಹಸಿರು ಕುಡಿಗಳ ಕಟ್ಟಾಗಿ ಮಾರಾಟವಾಗುವ ಆಸ್ಪರಾಗಸ್ ಇದರ ಸೋದರ ಸಂಬಂಧಿ. ಅದು ಯುರೋಪ್ ಮತ್ತು ಪಶ್ಚಿಮ ಏಷ್ಯಾದ ಮೂಲದ್ದು. ಚಳಿಗಾಲದಲ್ಲಿ ಒಣಗಿ ಮಲಗಿ, ವಸಂತದಲ್ಲಿ ಕುಡಿಯೊಡೆಯುವುದು ಅದರ ಸ್ವಭಾವ. ಹೂಗುಚ್ಛಗಳಲ್ಲಿ ಸಿಕ್ಕಿಸುವ ನವಿರಾದ ಹಸಿರು ಎಳೆಯೂ ಇದೇ ಕುಲಕ್ಕೆ ಸೇರಿದ್ದು. ಅದು ಆಫ್ರಿಕಾದ ದಕ್ಷಿಣ ಭಾಗದ್ದು. ಪರದೇಶದ ಈ ನಂಟರನ್ನು ಹುಡುಕಿ ತರುವ ಮೊದಲು, ಸಹ್ಯಾದ್ರಿಯ ಮಳೆ ಬಿಸಿಲುಗಳಿಗೆ ತಾನಾಗಿ ಒಗ್ಗಿಕೊಂಡಿರುವ ಬಳ್ಳಿಯನ್ನು ಮಲೆನಾಡಿಗರು ಗುರುತಿಸಬೇಕಾಗಿದೆ.

ಗುರುತು ಸುಲಭ. ಇದು ಮುಳ್ಳುಳ್ಳ, ಆಸರೆ ಹಿಡಿದು ಹಬ್ಬುವ ಬಳ್ಳಿ. ಎಲೆಯೆಂದು ಕಾಣುವ ಸೂಜಿಯಂಥ ಹಸಿರು ಎಳೆಗಳು ವಾಸ್ತವವಾಗಿ ರೂಪಾಂತರಗೊಂಡ ಕಾಂಡಗಳು. ನಿಜವಾದ ಎಲೆಗಳು ಮುಳ್ಳು ಮತ್ತು ಸಣ್ಣ ಹೊಟ್ಟುಗಳಾಗಿ ಕುಗ್ಗಿವೆ. ಹೂವು ಚಿಕ್ಕದು, ಬಿಳಿಯದು, ಸುವಾಸನೆಯದು. ಹಣ್ಣು ಮಾಗಿದಾಗ ಕೆಂಪಾಗುತ್ತದೆ. ಬೇಸಿಗೆಯಲ್ಲಿ ಮೇಲ್ಭಾಗ ಒಣಗಿದಂತೆ ಕಂಡರೂ ಬೇರುಗಳು ನೀರು ಮತ್ತು ಆಹಾರವನ್ನು ಕೂಡಿಟ್ಟುಕೊಂಡು ಮುಂದಿನ ಮಳೆಗೆ ಕಾಯುತ್ತವೆ.

ಆ ಸಂಗ್ರಹವೇ ಅದಕ್ಕೆ ಮುಳುವಾಗಿದೆ. ಬಾಣಂತಿಯರ ಎದೆಹಾಲಿಗೆ, ದೇಹದ ಪುಷ್ಟಿಗೆ ಆಯುರ್ವೇದವು ಶತಾವರಿಯನ್ನು ಬಹುಕಾಲದಿಂದ ಬಳಸುತ್ತ ಬಂದಿದೆ. ಮನೆಮದ್ದಾಗಿದ್ದ ಬೇರು ಈಗ ಕಾರ್ಖಾನೆಗಳ ಕಚ್ಚಾವಸ್ತು. ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿಗಾಗಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವು, ದೇಶದಲ್ಲಿ 1,178 ಔಷಧೀಯ ಸಸ್ಯ ಪ್ರಭೇದಗಳು ವ್ಯಾಪಾರದಲ್ಲಿವೆ ಎಂದೂ, ಅವುಗಳಲ್ಲಿ 242 ಪ್ರಭೇದಗಳು ವರ್ಷಕ್ಕೆ 100 ಟನ್ನಿಗಿಂತ ಹೆಚ್ಚು ಬಳಕೆಯಾಗುತ್ತವೆ ಎಂದೂ ದಾಖಲಿಸಿದೆ. ಹೀಗೆ ಹೆಚ್ಚು ಬೇಡಿಕೆಯಿರುವ ಸಸ್ಯಗಳ ಸಾಲಿನಲ್ಲಿ ಶತಾವರಿಯೂ ಇದೆ.

ಇಲ್ಲಿ ಬೇರು ಕೀಳುವ ಕೈಯನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯು ಔಷಧೀಯ ಸಸ್ಯ, ಬೇರು, ಗಡ್ಡೆಗಳನ್ನು ಕಿರು ಅರಣ್ಯ ಉತ್ಪನ್ನಗಳೆಂದು ಹೆಸರಿಸಿ, ಅರ್ಹ ಅರಣ್ಯವಾಸಿಗಳಿಗೆ ಅವುಗಳ ಮೇಲೆ ಹಕ್ಕನ್ನು ನೀಡಿದೆ. ತಾನು ಬಿಟ್ಟುಬಂದ ಬುಡವನ್ನು ನಾಳೆ ಮತ್ತೊಬ್ಬ ಕೀಳುತ್ತಾನೆಂಬ ಭಯವಿದ್ದಲ್ಲಿ ಯಾರ ಕೈಯೂ ತಡೆಯುವುದಿಲ್ಲ. ಬೀಜವಾಗುವ ಮೊದಲೇ ಎಳೆಯ ಗಿಡವೂ ಚೀಲ ಸೇರುತ್ತದೆ. ತನ್ನದೇ ಹಿತ್ತಲಿನ ಗಿಡಕ್ಕಾದರೆ ಈ ಭಯವಿಲ್ಲ. ಬಲಿಯುವ ತನಕ ಕಾಯಬಹುದು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಈ ಒಂದು ಗಿಡದ ಮಟ್ಟಿಗಾದರೂ ತಿರುಗಿಸಿ ಹೇಳಬೇಕಾದ ಕಾಲ ಬಂದಿದೆ.

ಇನ್ನು ಬೆಳೆಸುವ ಕ್ರಮ. ಚಳಿಗಾಲ ಕಳೆಯುವ ಹೊತ್ತಿಗೆ ಚೆನ್ನಾಗಿ ಮಾಗಿದ ಹಣ್ಣುಗಳನ್ನು ಆರಿಸಿ, ತಿರುಳು ತೊಳೆದು, ಕಪ್ಪು ಬೀಜಗಳನ್ನು ನೆರಳಿನಲ್ಲಿ ಒಣಗಿಸಬೇಕು. ಒಂದೇ ಬಳ್ಳಿಯ ಹಣ್ಣುಗಳನ್ನೆಲ್ಲ ಬರಿದು ಮಾಡದೆ ಹಕ್ಕಿಗಳಿಗೂ ನೆಲಕ್ಕೂ ಪಾಲು ಬಿಡುವುದು ಧರ್ಮ. ಬೀಜದ ಸಿಪ್ಪೆ ಗಟ್ಟಿ. ಬಿತ್ತುವ ಹಿಂದಿನ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟರೆ ಅನುಕೂಲ. ಬೇಸಿಗೆಯ ಕೊನೆಯಲ್ಲಿ ಮರಳು, ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿದ ಏರುಮಡಿಯಲ್ಲಿ ತೆಳುವಾಗಿ ಬಿತ್ತಬೇಕು. ಮೊಳಕೆ ನಿಧಾನ, ಮೂರು ನಾಲ್ಕು ವಾರಗಳಾದರೂ ಬೇಕು, ಎಲ್ಲವೂ ಒಟ್ಟಿಗೆ ಹುಟ್ಟುವುದಿಲ್ಲ. ಬೀಜ ಸಿಗದವರು ಹಿತ್ತಲಲ್ಲಿ ಬೆಳೆದ ಹಳೆಯ ಬುಡವನ್ನು, ಎರಡು ಮೂರು ಮೊಗ್ಗುಗಳು ಉಳಿಯುವಂತೆ ಸೀಳಿ ನೆಡಬಹುದು.

ಮಳೆ ಹಿಡಿದು ಸಸಿಗಳು ಗಟ್ಟಿಯಾದ ಮೇಲೆ ನಾಟಿ. ಗಿಡದಿಂದ ಗಿಡಕ್ಕೆ ಸುಮಾರು ಎರಡು ಅಡಿ ಅಂತರವಿರಲಿ. ಮಲೆನಾಡಿನಲ್ಲಿ ಮರೆಯಬಾರದ ಮಾತೊಂದಿದೆ: ಶತಾವರಿಗೆ ತೇವ ಬೇಕು, ನಿಂತ ನೀರು ಬೇಡ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಗುಂಡಿಯಲ್ಲಿ ನೆಡದೆ ಏರಿಯ ಮೇಲೆ ನೆಟ್ಟು, ಪಕ್ಕದಲ್ಲಿ ನೀರು ಹರಿದುಹೋಗುವ ಕಾಲುವೆ ತೆಗೆಯಬೇಕು. ಸಡಿಲ ಮಣ್ಣಿನಲ್ಲಿ ಬೇರು ನೀಳವಾಗಿ ಇಳಿಯುತ್ತದೆ. ಗಟ್ಟಿ ಜಂಬಿಟ್ಟಿಗೆಯಲ್ಲಿ ಕುಗ್ಗುತ್ತದೆ. ಬೇಲಿಯ ಗೂಟ, ಗೊಬ್ಬರದ ಗಿಡ, ಒಣ ಕೊಂಬೆ ಯಾವುದಾದರೂ ಆಸರೆಯಾದೀತು. ಅರೆನೆರಳಿನಲ್ಲೂ ಬದುಕುವ ಗಿಡವಾದ್ದರಿಂದ ಬೇಲಿಯಂಚು ಇದಕ್ಕೆ ತಕ್ಕ ಜಾಗ. ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆ ಹೊದಿಸಿ ಆಗಾಗ ನೀರು ಕೊಟ್ಟರೆ ಸಾಕು. ಗಡ್ಡೆ ಅಗೆಯುವ ಹಂದಿಗಳಿಂದ ಕಾಪಾಡಬೇಕು.

ಕೊಯ್ಲಿಗೆ ಅವಸರ ಸಲ್ಲದು. ಕನಿಷ್ಠ ಒಂದೂವರೆ ವರ್ಷ ಕಳೆಯಬೇಕು. ಮೂರು ವರ್ಷ ಕಾದರೆ ಬೇರು ಇನ್ನೂ ತುಂಬಿಕೊಳ್ಳುತ್ತದೆ. ಮನೆಬಳಕೆಗಾದರೆ ಗಿಡದ ಒಂದು ಮಗ್ಗುಲಿನ ಮಣ್ಣು ಸರಿಸಿ, ಬೇಕಾದಷ್ಟು ಬೇರು ಬಿಡಿಸಿಕೊಂಡು, ಮತ್ತೆ ಮಣ್ಣು ಮುಚ್ಚಬಹುದು. ಪೂರ್ತಿ ಅಗೆದಾಗಲೂ ಮೊಗ್ಗುಗಳಿರುವ ಬುಡವನ್ನು ಅಂದೇ ಮರುನಾಟಿ ಮಾಡಬೇಕು. ಬೇರನ್ನು ತೊಳೆದು, ಸಿಪ್ಪೆ ತೆಗೆದು, ನಡುವಿನ ನಾರನ್ನು ಎಳೆದು ಒಣಗಿಸುತ್ತಾರೆ. ಸ್ವಲ್ಪ ಬೇಯಿಸಿದರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ. ಹಸಿ ಬೇರಿನ ಬಹುಪಾಲು ನೀರೇ ಆಗಿರುವುದರಿಂದ ಒಣಗಿದಾಗ ತೂಕ ಬಹಳ ಇಳಿಯುತ್ತದೆಂಬುದನ್ನು ಮಾರಾಟದ ಲೆಕ್ಕ ಹಾಕುವವರು ನೆನಪಿಡಬೇಕು. ಬೇರಿನ ತಂಬುಳಿ ಊಟಕ್ಕೆ ಹಿತ. ಆದರೆ ಗರ್ಭಿಣಿಯರೂ, ಬೇರೆ ಔಷಧಿ ಸೇವಿಸುವವರೂ ಮದ್ದಾಗಿ ಬಳಸುವ ಮುನ್ನ ವೈದ್ಯರನ್ನು ಕೇಳಬೇಕು. ಕೆಂಪು ಹಣ್ಣು ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇರಬೇಕು. ಅವು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. 2023ರ ತಿದ್ದುಪಡಿಯು ಬೆಳೆದ ಔಷಧೀಯ ಸಸ್ಯಗಳನ್ನು ಕಾಡಿನಿಂದ ತಂದವುಗಳಿಂದ ಬೇರೆಯಾಗಿಯೇ ಪರಿಗಣಿಸಿದೆ. ಊರಿನ ಯಾವ ಬೆಟ್ಟದಲ್ಲಿ ಶತಾವರಿ ಉಳಿದಿದೆ, ಯಾವ ಹಿತ್ತಲಿನಲ್ಲಿ ಎಷ್ಟು ಬುಡ ನೆಡಲಾಗಿದೆ ಎಂದು ವರ್ಷವರ್ಷವೂ ಬರೆದಿಟ್ಟರೆ ಅದು ಬೆಳೆಗಾರನಿಗೆ ಆಧಾರ, ಕಾಡಿಗೆ ಕಾವಲು.

ಒಂದು ಮನೆಗೆ ಹತ್ತು ಬುಡ ಹೆಚ್ಚಿನ ಹೊರೆಯಲ್ಲ. ಅದರಲ್ಲಿ ಎರಡನ್ನು ಎಂದೂ ಅಗೆಯದೆ ಬೀಜಕ್ಕೆಂದೇ ಬಿಡಲಿ. ಆ ಬೀಜದಲ್ಲಿ ಒಂದು ಮುಷ್ಟಿ, ಮುಂದಿನ ಮುಂಗಾರಿನಲ್ಲಿ, ತಾಯಿ ಕಳೆದುಕೊಂಡ ಬೆಟ್ಟಕ್ಕೆ ಹಿಂತಿರುಗಲಿ.