ಚೆಂಬೂರಿನ ಮೊನೊರೈಲು: ಗೆರೆ ಉದ್ದವಾಯಿತು, ಗಾಡಿ ಸಾಲಲಿಲ್ಲ

ಇಲ್ಲಿ ಕೂತಿರೋರಲ್ಲಿ ಬಹಳ ಜನ ಪೊವೈ, ಐರೋಲಿ, ಅಂಧೇರಿ ಕಡೆ ಕೆಲಸಕ್ಕೆ ಹೋಗೋರು. ಮನೆ ಹುಡುಕುವಾಗ ಬ್ರೋಕರ್ ಒಂದು ಮಾತು ಹೇಳಿಯೇ ಹೇಳಿರ್ತಾನೆ, ಪಕ್ಕದಲ್ಲೇ ಮೆಟ್ರೋ ಬರುತ್ತೆ ಅಂತ. ನಾವೂ ನಕ್ಷೆ ತೆಗೆದು ಬಣ್ಣದ ಗೆರೆ ಎಲ್ಲಿವರೆಗೆ ಹೋಗಿದೆ ನೋಡ್ತೀವಿ. ಇವತ್ತು ಅಂಥ ಒಂದು ಗೆರೆಯ ಕತೆ.

ಈ ಊರಿಗೆ ಹಳಿ ಹೊಸದಲ್ಲ. 1874ರಲ್ಲಿ ಕುದುರೆ ಟ್ರಾಮ್, 1907ರಲ್ಲಿ ಕರೆಂಟಿನ ಟ್ರಾಮ್. 1964ರ ಮಾರ್ಚ್ 31ರಂದು ಬೋರಿಬಂದರಿನಿಂದ ದಾದರಿಗೆ ಹೋದದ್ದೇ ಕೊನೆಯ ಗಾಡಿ. ನಾವು 'ದಾದರ್ ಟಿಟಿ' ಅಂತೀವಲ್ಲ, ಆ ಟಿಟಿ ಅಂದರೆ ಟ್ರಾಮ್ ಟರ್ಮಿನಸ್. ಟ್ರಾಮ್ ಹೋಗಿ ಅರವತ್ತು ವರ್ಷ ಆದರೂ ಟ್ಯಾಕ್ಸಿಯವನಿಗೆ ಅಷ್ಟು ಹೇಳಿದರೆ ಸಾಕು.

ಅದಾಗಿ ಐವತ್ತು ವರ್ಷಕ್ಕೆ, 2014ರ ಫೆಬ್ರವರಿಯಲ್ಲಿ, ಮೊನೊರೈಲು ಬಂತು. ಚೆಂಬೂರಿನಿಂದ ವಡಾಲಕ್ಕೆ, ಸುಮಾರು 9 ಕಿಲೋಮೀಟರು. ಒಂದೇ ತೊಲೆಯ ಮೇಲೆ ಓಡುವ ನಾಲ್ಕು ಡಬ್ಬಿಯ ಗಾಡಿ. ವಡಾಲದಲ್ಲಿ ಅದು ನಿಲ್ಲುತ್ತಿದ್ದ ಕಡೆ ಯಾರಿಗೂ ಅಂಥ ಕೆಲಸ ಇರಲಿಲ್ಲ, ಜನ ಹತ್ತಲಿಲ್ಲ. ಮುಂದಕ್ಕೆ ಹೋದರೆ ಸರಿಹೋಗುತ್ತೆ ಅಂದರು. 2019ರ ಮಾರ್ಚಿನಲ್ಲಿ ಜೇಕಬ್ ಸರ್ಕಲ್‌ವರೆಗೆ ಹೋಯಿತು. ಒಟ್ಟು 17 ಸ್ಟೇಷನ್. ಆದರೆ ಗಾಡಿಗಳೇ ಸಾಲದು. ಒಂದು ತಪ್ಪಿದರೆ ಕಾಲು ಗಂಟೆ ಕಾಯಬೇಕು. ಮೂರ್ನಾಲ್ಕು ನಿಮಿಷಕ್ಕೊಂದು ಲೋಕಲ್ ಸಿಗೋ ಊರಲ್ಲಿ ಇದಕ್ಕೆ ಯಾರು ಕಾಯ್ತಾರೆ ಹೇಳಿ?

ಈ ಮಾರ್ಗದಲ್ಲಿ 'ಮೈಸೂರ್ ಕಾಲೋನಿ' ಅಂತ ಒಂದು ಸ್ಟೇಷನ್ ಇದೆ. ಹೆಸರು ನೋಡಿ ನಮಗೆ ಖುಷಿ ಆಗಬೇಕು, ಆದರೆ ಸುದ್ದಿ ಮಾತ್ರ ಯಾವಾಗಲೂ ಕೆಟ್ಟದ್ದೇ. 2017ರ ನವೆಂಬರಿನಲ್ಲಿ ಅಲ್ಲೇ ಖಾಲಿ ಗಾಡಿಗೆ ಬೆಂಕಿ ಬಿದ್ದು ತಿಂಗಳುಗಟ್ಟಲೆ ಸೇವೆ ನಿಂತಿತ್ತು. 2025ರ ಆಗಸ್ಟ್ 19 ನೆನಪಿರಬೇಕು. ಭಾರಿ ಮಳೆ, ಹಾರ್ಬರ್ ಲೈನ್ ನಿಂತಿತ್ತು, ಆ ಜನವೆಲ್ಲ ಮೊನೊರೈಲಿಗೆ ನುಗ್ಗಿದರು. 104 ಟನ್ ಹೊರಬೇಕಾದ ಗಾಡಿಯ ತೂಕ 109 ಟನ್ ಆಯಿತು, ಕರೆಂಟಿನ ಸಂಪರ್ಕ ತಪ್ಪಿತು. ಮೈಸೂರ್ ಕಾಲೋನಿ ಹತ್ತಿರ ಅಷ್ಟೆತ್ತರದಲ್ಲಿ, ಎಸಿ ಇಲ್ಲದೆ, ತೆಗೆಯಲಾಗದ ಕಿಟಕಿಗಳ ಒಳಗೆ ಜನ ಸಿಕ್ಕಿಕೊಂಡರು. ಅಗ್ನಿಶಾಮಕದವರು ಕ್ರೇನ್ ತಂದು 582 ಜನರನ್ನು ಇಳಿಸಿದರು.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಒಂದು ಸರ್ವರ್ ಬಿದ್ದಾಗ ಟ್ರಾಫಿಕ್ ಎಲ್ಲಾ ಪಕ್ಕದ ಸಣ್ಣ ಸರ್ವರಿಗೆ ಹೋಯಿತು. ಅದನ್ನು ಬ್ಯಾಕಪ್ ಅಂತ ಯಾರೂ ಕಟ್ಟಿರಲಿಲ್ಲ, ಜನವೇ ಹಾಗೆ ಮಾಡಿಕೊಂಡರು. ವರ್ಷವಿಡೀ ಖಾಲಿ ಓಡುವ ಗಾಡಿ ಅಂತ ನಗ್ತಿದ್ದೆವು. ಬೇಕಾದ ಒಂದು ದಿನ ಭಾರ ತಡೆಯಲಿಲ್ಲ. ದಿನದ ಸರಾಸರಿ ಪ್ರಯಾಣಿಕರ ಲೆಕ್ಕ ಹಿಡಿದು ಮಾರ್ಗ ಯೋಜಿಸಿದರೆ ಈ ದಿನ ಆ ಲೆಕ್ಕದಲ್ಲಿ ಕಾಣೋದೇ ಇಲ್ಲ. ಮುಂಬೈಯಲ್ಲಿ ಮಳೆಗೆ ಲೋಕಲ್ ನಿಲ್ಲೋದು ಅಪರೂಪವೂ ಅಲ್ಲವಲ್ಲ.

ಸೆಪ್ಟೆಂಬರ್ 20ರಿಂದ ರಿಪೇರಿ, ಹೊಸ ಗಾಡಿ ಅಂತ ಸೇವೆಯನ್ನೇ ನಿಲ್ಲಿಸಿದರು. ಮೂರು ವಾರ ಕಳೆಯುವ ಮೊದಲೇ, ಅಕ್ಟೋಬರ್ 9ಕ್ಕೆ, ಮೆಟ್ರೋ 3 ಕಫ್ ಪರೇಡ್‌ವರೆಗೆ ಓಡತೊಡಗಿತು. ಅದರ ಮಹಾಲಕ್ಷ್ಮಿ ಸ್ಟೇಷನ್ ಇರೋದು ಜೇಕಬ್ ಸರ್ಕಲ್ ಮಗ್ಗುಲಲ್ಲೇ! ಮೊನೊರೈಲಿಗೆ ಅಷ್ಟು ವರ್ಷ ಇಲ್ಲದ ಜೋಡಿ ಸಿಕ್ಕಿತು ಅನ್ನುವಾಗ ಈ ಕಡೆ ಗೇಟಿಗೆ ಬೀಗ.

ಇನ್ನು ಮೆಟ್ರೋ 4 ಶುರುವಾಗೋದು ವಡಾಲದ ಭಕ್ತಿ ಪಾರ್ಕ್‌ನಿಂದ, ಅಲ್ಲೂ ಮೊನೊರೈಲಿದೆ. ಮೆಟ್ರೋ 2ಬಿ ಚೆಂಬೂರಿನ ಮೇಲೆಯೇ ಹೋಗುತ್ತೆ. ಎಷ್ಟು ಕಿಲೋಮೀಟರು ಅನ್ನೋದು ಪೇಪರಿನಲ್ಲಿ ಬರುತ್ತೆ. ಪೀಕ್ ಅವರ್‌ನಲ್ಲಿ ಎಷ್ಟು ನಿಮಿಷಕ್ಕೊಂದು ಗಾಡಿ, ಹಾರ್ಬರ್ ನಿಂತ ದಿನ ಹೆಚ್ಚಿಗೆ ಬಿಡೋಕೆ ಡಿಪೋದಲ್ಲಿ ಎಷ್ಟಿವೆ, ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ನೆನೆಯದೆ ಹೋಗಬಹುದಾ, ಇದನ್ನು ನಾವು ಕೇಳಬೇಕು. ಚೆಂಬೂರು, ವಡಾಲ ಕಡೆಯವರು ಯಾರಾದರೂ ಇದ್ದರೆ ಮೈಕ್ ಮೊದಲು ಅವರಿಗೇ ಕೊಡಿ.