ಪಹಣಿಯಲ್ಲಿ ಹೆಸರಿಲ್ಲದವರು

(ತುಮಕೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ತುಮಕೂರಿಗೂ ಕಡಲಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನಮ್ಮಲ್ಲಿ ಇರೋದು ರಾಗಿ ಹೊಲ, ತೆಂಗಿನ ತೋಟ, ಕೆರೆ. ಆದರೆ ನಮ್ಮ ಜಿಲ್ಲೆಯ ರಸ್ತೆಗಳು ಕಡಲಿಗೇ ಹೋಗಿ ಮುಟ್ಟುತ್ತವೆ. ಕುಣಿಗಲ್ ಮೇಲೆ ಹಾಯುವ 75ನೇ ನಂಬರಿನ ಹೆದ್ದಾರಿ ಹಾಸನ, ಸಕಲೇಶಪುರ ದಾಟಿ ಮಂಗಳೂರಿಗೆ ಇಳಿಯುತ್ತದೆ. ಗುಬ್ಬಿ, ತಿಪಟೂರಿನ ರಸ್ತೆ ಹಿಂದೆ 206ನೇ ನಂಬರಿನ ಹೆದ್ದಾರಿ. ಅದು ತುಮಕೂರಲ್ಲಿ ಹೊರಟು ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರದಲ್ಲಿ ಮುಗಿಯುತ್ತಿತ್ತು. ಈಗ ನಂಬರುಗಳು ಬದಲಾಗಿವೆ, ದಾರಿ ಹಾಗೇ ಇದೆ. ಈ ತುದಿಯಲ್ಲಿ ನಮ್ಮ ಜನ ಇದ್ದಾರೆ, ಆ ತುದಿಯಲ್ಲಿ ಮೀನುಗಾರರು ಇದ್ದಾರೆ. ಇಬ್ಬರ ಕಷ್ಟವೂ ಒಂದೇ ಕಡೆಯಿಂದ ಬರುತ್ತಿದೆ ಅನ್ನೋದನ್ನ ಇವತ್ತು ಹೇಳಬೇಕಾಗಿದೆ.

ಮೊದಲೇ ಒಂದು ಮಾತು. ನಾವು ರಸ್ತೆಯ ವಿರೋಧಿಗಳಲ್ಲ, ಕಾರ್ಖಾನೆಯ ವಿರೋಧಿಗಳೂ ಅಲ್ಲ. ಕೇರಿಯಿಂದ ನಮ್ಮನ್ನು ಹಾಸ್ಟೆಲ್ಲಿಗೆ ತಂದಿದ್ದು ರಸ್ತೆ. ಎಲ್ಲಿ ನಿಲ್ಲಬೇಕು, ಎಲ್ಲಿ ಕೂರಬೇಕು ಅಂತ ಊರಲ್ಲಿ ಯಜಮಾನರ ಜಗಲಿ ಹೇಳುತ್ತಿತ್ತು. ಬಸ್ಸಿನಲ್ಲಿ ಟಿಕೀಟು ಹೇಳುತ್ತದೆ. ಹಳ್ಳಿ ಹಳ್ಳಿಯಾಗೇ ಇರಲಿ ಅನ್ನೋರು ಹಳ್ಳಿಯಲ್ಲಿ ಸುಖವಾಗಿದ್ದವರು. ನಾವಲ್ಲ.

ಹಾಗಾದರೆ ನಮ್ಮ ತಕರಾರು ಏನು? ಯೋಜನೆ ಹಾಕುವವರು ಯಾರನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಯಾರನ್ನು ಬಿಡುತ್ತಾರೆ ಅನ್ನೋದು.

2023ರ ಫೆಬ್ರವರಿ 6ರಂದು ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆ ಆಯಿತು. 615 ಎಕರೆ. ಅದೇ ದಿನ ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿಗೆ ಸೇರಿದ ತುಮಕೂರು ಟೌನ್‌ಶಿಪ್ಪಿಗೆ ಶಂಕುಸ್ಥಾಪನೆ. ಅದು ಮೂರು ಹಂತ ಸೇರಿ 8,484 ಎಕರೆ.

ಕಾವಲು ಅಂದರೆ ಏನು? ದನ ಮೇಯಲು ಕಾಯ್ದಿಟ್ಟ ಹುಲ್ಲುಗಾವಲು. ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲುಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದವು. ನಕ್ಷೆ ಬರೆಯುವವರ ಕಣ್ಣಿಗೆ ಕಾವಲು, ಗೋಮಾಳ ಎಲ್ಲಾ ಖಾಲಿ ಜಾಗ. ಯಾಕೆ ಖಾಲಿ? ಪಹಣಿಯಲ್ಲಿ 'ಸರ್ಕಾರಿ' ಅಂತ ಇದೆ, ಮನುಷ್ಯರ ಹೆಸರಿಲ್ಲ. ಜಮೀನಿಲ್ಲದವರ ಎಮ್ಮೆ ಮೇಯೋದು ಅಲ್ಲೇ, ಕುರಿ ಮೇಯೋದು ಅಲ್ಲೇ, ಸೌದೆ ಆಯೋದು ಅಲ್ಲೇ. ಎಷ್ಟೋ ಕೇರಿಗಳಿಗೆ ಸತ್ತರೆ ಮಣ್ಣೂ ಅಲ್ಲೇ. ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಅಂತ ಕರ್ನಾಟಕದ ಭೂಕಂದಾಯ ನಿಯಮ ಹೇಳುತ್ತದೆ. ದನಕ್ಕೆ ಲೆಕ್ಕ ಇದೆ. ದನ ಕಾಯೋನಿಗೆ ಲೆಕ್ಕ ಇಲ್ಲ.

ಪಟ್ಟಾ ಜಮೀನು ಕಳಕೊಂಡವರಿಗೆ ಪರಿಹಾರದ ಜಗಳವಾದರೂ ಇದೆ, ವಕೀಲ ಇದ್ದಾನೆ, ಕೋರ್ಟಿದೆ. ಆ ಜಮೀನಿನಲ್ಲಿ ಕಳೆ ಕಿತ್ತವಳಿಗೆ ಏನಿದೆ? ಇನ್ನು ಸರ್ಕಾರಿ ಜಮೀನನ್ನು ಸರ್ಕಾರವೇ ಎತ್ತಿ ಕೊಡುವಾಗ ಸ್ವಾಧೀನ ಅನ್ನೋ ಪ್ರಶ್ನೆಯೇ ಏಳುವುದಿಲ್ಲ. ಹೆಸರೇ ಇಲ್ಲದ ಮೇಲೆ ನೋಟೀಸು ಯಾರಿಗೆ?

ಈಗ ಗುಬ್ಬಿ ರಸ್ತೆ ಹಿಡಿದು ಹೊನ್ನಾವರಕ್ಕೆ ಬನ್ನಿ. ಶರಾವತಿ ಕಡಲು ಸೇರುವಲ್ಲಿ ಕಾಸರಕೋಡು ಟೊಂಕ. ಅಲ್ಲಿ ಖಾಸಗಿ ಬಂದರಿನ ಯೋಜನೆ. ಬಂದರಿಗೆ ಲಾರಿ ಹೋಗಬೇಕು, ಅದಕ್ಕೆ ಮರಳ ದಂಡೆಯ ಮೇಲೆ ರಸ್ತೆ. ಆ ಮರಳು ಹೆಂಗಸರು ಮೀನು ಒಣಗಿಸುವ ಕಣ. ಗಂಡಸರು ದೋಣಿ ಎಳೆದು ಬಲೆ ಹರಡುವ ಜಾಗ. ಒಣಮೀನು ಮಾರಿದರೆ ಅವರ ಮನೆಯಲ್ಲಿ ಗಂಜಿ. ಆದರೆ ಆ ಮರಳೂ ಅವರ ಪಹಣಿಯಲ್ಲಿಲ್ಲ. ಅವರು ರಸ್ತೆಗೆ ಅಡ್ಡ ನಿಂತರು. 2022ರಲ್ಲಿ ಪೊಲೀಸರು ಬಂದರು. ನಮ್ಮ ಗೋಮಾಳ, ಅವರ ದಂಡೆ. ಹೆಸರು ಬೇರೆ, ಕಥೆ ಒಂದೇ.

ಅದೇ ಕಾಸರಕೋಡಿನ ಇನ್ನೊಂದು ಕಡೆಯ ದಂಡೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಚೊಕ್ಕಟವಾದ ಕಡಲತೀರ ಅನ್ನೋದಕ್ಕೆ ಹೊರದೇಶದವರು ಕೊಡುವ ಗುರುತು. ಪ್ರವಾಸಿಗಳಿಗೆ ಒಂದು ದಂಡೆ ಕಾಯ್ದಿಟ್ಟರು, ಲಾರಿಗಳಿಗೆ ಒಂದು ದಂಡೆ ಗೊತ್ತು ಮಾಡಿದರು. ಮೀನು ಒಣಗಿಸುವವಳ ದಂಡೆ ಯಾವುದು? ಟೊಂಕದ ಮರಳಿಗೆ ಕಡಲಾಮೆ ಬಂದು ಮೊಟ್ಟೆ ಇಡುತ್ತದೆ. ಆಮೆ ಉಳಿದರೆ ದಂಡೆ ಉಳಿಯುತ್ತದೆ, ದಂಡೆ ಉಳಿದರೆ ಮೀನುಗಾರರು ಉಳಿಯುತ್ತಾರೆ. ಪರಿಸರ ಅನ್ನೋದು ಹೊಟ್ಟೆ ತುಂಬಿದವರ ಹವ್ಯಾಸ ಅಂತ ನಮ್ಮಲ್ಲೂ ಕೆಲವರು ಹೇಳ್ತಾರೆ. ಕೆರೆ ಬತ್ತಿದರೆ ಮೊದಲು ಗುಳೆ ಹೋಗೋರು ಯಾರು? ಬೋರ್‌ವೆಲ್ ಇದ್ದವರಲ್ಲ.

ಸಂರಕ್ಷಣೆಯ ಗೆರೆಯನ್ನೂ ಮೇಲಿನವರೇ ಎಳೆಯುತ್ತಾರೆ, ಮೇಲಿನವರೇ ಅಳಿಸುತ್ತಾರೆ. 1991ರ ಕರಾವಳಿ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರನ್ನು ನಿಯಂತ್ರಣಕ್ಕೆ ತಂದಿತು. ಅದರಲ್ಲಿ ಹಳ್ಳಿಗಾಡಿನ ಕಡೆ 200 ಮೀಟರ್ ಕಟ್ಟಡ ನಿಷೇಧದ ವಲಯ. ಜನ ದಟ್ಟವಾಗಿರುವ ಹಳ್ಳಿಗಳಲ್ಲಿ ಆ 200 ಮೀಟರನ್ನು 2019ರ ಅಧಿಸೂಚನೆ 50 ಮೀಟರಿಗೆ ಇಳಿಸಿತು.

ಕಾನೂನು ಏನೂ ಹೇಳಿಲ್ಲವೇ? ಹೇಳಿದೆ. 2013ರ ಭೂಸ್ವಾಧೀನ ಕಾಯಿದೆ 2014ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ 'ಬಾಧಿತ ಕುಟುಂಬ' ಯಾರು ಅಂತ ಬರೆದಿರೋದನ್ನ ಪ್ರತಿಯೊಬ್ಬರೂ ಓದಬೇಕು. ಜಮೀನಿನ ಒಡೆಯ ಮಾತ್ರ ಅಲ್ಲ. ಆ ಜಾಗದಲ್ಲಿ ಮೂರು ವರ್ಷದಿಂದ ದುಡಿದು ಬದುಕಿದ ಕೃಷಿ ಕೂಲಿ, ಗೇಣಿದಾರ, ಕುಶಲಕರ್ಮಿ ಕೂಡ ಬಾಧಿತ. ನೀರನ್ನು ನಂಬಿದ ಮೀನುಗಾರ, ದೋಣಿಯವನು ಕೂಡ ಬಾಧಿತ. ಗುಬ್ಬಿಯ ಕೂಲಿಯವನೂ ಟೊಂಕದ ಮೀನುಗಾರನೂ ಒಂದೇ ಕಲಮಿನಲ್ಲಿ ಕೂತಿದ್ದಾರೆ. ಆದರೆ ನಮ್ಮ ರಾಜ್ಯದಲ್ಲಿ ಕೈಗಾರಿಕೆಗೆ ಜಮೀನು ಹಿಡಿಯೋದು ಬಹುಪಾಲು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ಕೆಳಗೆ. ಸಾಮಾಜಿಕ ಪರಿಣಾಮದ ಅಧ್ಯಯನ ಅನ್ನೋ ಹಂತವೇ ಆ ಕಾಯಿದೆಯಲ್ಲಿ ಇಲ್ಲ. ಒಂದು ಬಾಗಿಲಲ್ಲಿ ನಮ್ಮನ್ನು ಕರೆದು, ಇನ್ನೊಂದು ಬಾಗಿಲಲ್ಲಿ ಕೆಲಸ ಮುಗಿಸುತ್ತಾರೆ.

ಯೋಜನೆ ಅನ್ನೋದು ನಮಗೆ ಹೊಸದಲ್ಲ. 1945ರ ನವೆಂಬರಿನಲ್ಲಿ ಕಟಕ್‌ನಲ್ಲಿ ಒರಿಸ್ಸಾದ ನದಿಗಳ ಬಗ್ಗೆ ನಡೆದ ಸಭೆಗೆ ಅಧ್ಯಕ್ಷರಾಗಿದ್ದವರು ಬಾಬಾಸಾಹೇಬರು. ಪ್ರವಾಹ ತಡೆಯೋದು, ನೀರಾವರಿ, ವಿದ್ಯುತ್ತು, ದೋಣಿ ಸಂಚಾರ ಎಲ್ಲವನ್ನೂ ಒಟ್ಟಿಗೆ ಯೋಚಿಸಬೇಕು ಅನ್ನೋದು ಅವರ ವಾದ. ಅದಕ್ಕೂ ಮುಂಚೆ, 1937ರಲ್ಲೇ, ಕೊಂಕಣ ಕರಾವಳಿಯ ಖೋತಿ ಜಮೀನ್ದಾರಿ ಪದ್ಧತಿ ರದ್ದಾಗಲಿ ಅಂತ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದಿದ್ದವರೂ ಅವರೇ. ಉಳುವವನನ್ನು ಬಿಟ್ಟು ಅವರು ಭೂಮಿಯ ಮಾತಾಡಲಿಲ್ಲ.

ಗೆಳೆಯರೆ, ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋದರೆ ಸಾಲದು. ರಜಕ್ಕೆ ಊರಿಗೆ ಹೋದಾಗ ಮಾಡಬಹುದಾದ ಮೂರು ಕೆಲಸ ಇವೆ.

ಒಂದು, ನಿಮ್ಮೂರಿನ ಗೋಮಾಳ, ಕೆರೆಯಂಗಳ, ಸ್ಮಶಾನದ ಸರ್ವೆ ನಂಬರು ತಾಲೂಕಾಫೀಸಿನಿಂದ ಬರೆದುಕೊಂಡು ಬನ್ನಿ.

ಎರಡು, ಆ ಜಾಗವನ್ನು ನಂಬಿ ಬದುಕುವವರ ಪಟ್ಟಿ ಮಾಡಿ: ಯಾರು, ಏನು ಕೆಲಸ, ಎಷ್ಟು ವರ್ಷದಿಂದ. ಹೆಂಗಸರ ಹೆಸರು ಬೇರೆಯಾಗಿ ಬರೆಯಿರಿ. ಗ್ರಾಮಸಭೆಯಲ್ಲಿ ಅದನ್ನು ಓದಿ, ನಡಾವಳಿ ಪುಸ್ತಕಕ್ಕೆ ಸೇರಿಸಿ ಅಂತ ಹಟ ಹಿಡಿಯಿರಿ.

ಮೂರು, ದೊಡ್ಡ ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ಇರುತ್ತದೆ. ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅದನ್ನು ಕೇಳಿ ಪಡೆದು, ಕೇರಿಯ ಕಟ್ಟೆ ಮೇಲೆ ಜೋರಾಗಿ ಓದಿ ಹೇಳಿ. ಓದು ಬಾರದ ಅವ್ವಂದಿರು ಕೇಳುವ ಪ್ರಶ್ನೆಗಳನ್ನು ಬರೆದುಕೊಂಡು, ಅವರನ್ನೂ ಕರಕೊಂಡು ಸಭೆಗೆ ಹೋಗಿ.

ಕಾರ್ಖಾನೆಯಲ್ಲಿ ಕಸ ಗುಡಿಸುವ ಗುತ್ತಿಗೆ ಮಾತ್ರ ನಮಗೆ ಅಂತ ಯಾರೂ ಬರೆದಿಟ್ಟಿಲ್ಲ. ಕೆಲಸ ಕೇಳೋಣ, ತರಬೇತಿ ಕೇಳೋಣ, ಕೇರಿಗೆ ಬಸ್ಸು ಕೇಳೋಣ, ದನಕ್ಕೆ ಹುಲ್ಲು, ಕೆರೆಗೆ ನೀರು ಕೇಳೋಣ. ಆದರೆ ಎಲ್ಲಕ್ಕಿಂತ ಮೊದಲು, ನಾವು ಇಲ್ಲಿದ್ದೇವೆ ಅನ್ನೋದನ್ನ ಕಾಗದದ ಮೇಲೆ ಬರೆಸೋಣ. ನಮ್ಮ ಅಪ್ಪ ಅವ್ವಂದಿರಿಗೆ ಅಕ್ಷರ ಬರುತ್ತಿರಲಿಲ್ಲ. ನಮಗೆ ಬರುತ್ತದೆ.